ಸೀಟಿನ ಮೇಲಿನ ಕೆಂಪು ಟೋಪಿ

"ಎಲ್ಲರೂ ಬಂದ್ರಾ? ಇಲ್ಲ, ಇನ್ನೂ ಇಬ್ರು ಕಮ್ಮಿ... ಅದೇ ಆ ಅಪ್ಪ-ಮಗಳು!"

ಬಸ್ಸಿನ ಬಾಗಿಲಲ್ಲಿ ನಿಂತು ಅವನು ಕೂಗಿದ್ದು ಚೌಕದ ಆ ತುದಿಯಲ್ಲಿದ್ದ ಅವಳಿಗೂ ಕೇಳಿಸಿತು. ಅವಳು ಅಪ್ಪನ ಕೈ ಹಿಡಿದು ಓಡುತ್ತಿದ್ದಳು. ಓಡುವುದೆಂದರೆ ಹೇಗೆ? ಯಾವ ಕಾಲದಲ್ಲೋ ಕಲ್ಲು ಹಾಸಿದ ಬೀದಿ, ಒಂದೊಂದು ಕಲ್ಲೂ ಒಂದೊಂದು ದಿಕ್ಕಿಗೆ ತಲೆ ಎತ್ತಿತ್ತು. ಅಪ್ಪನಿಗೆ ಮಂಡಿನೋವು ಬೇರೆ.

"ನಿಧಾನ ಕಣೇ ಚಿಲ್ರೆ, ಬಸ್ಸೇನು ಓಡಿ ಹೋಗುತ್ತಾ!"

"ಓಡಿ ಹೋಗೋದೇ ಬಸ್ಸಿನ ಕೆಲಸ ಅಪ್ಪಾ! ನಿಮಗೆ ನಾನು ಹೇಳಿಕೊಡಬೇಕಾ?"

ತಡವಾಗಿದ್ದಕ್ಕೆ ಕಾರಣ ಕೇಳಿದರೆ ನೀವು ನಗುತ್ತೀರಿ. ಒಬ್ಬ ಹೆಂಗಸು ತನ್ನ ಮನೆಯ ಹೊಸ್ತಿಲಿಗೆ ಬಕೆಟ್ಟಿನಿಂದ ನೀರು ಚೆಲ್ಲಿ ತಿಕ್ಕಿ ತೊಳೆಯುತ್ತಿದ್ದಳು. ಅಪ್ಪ ಅದನ್ನೇ ನೋಡುತ್ತಾ ನಿಂತುಬಿಟ್ಟಿದ್ದರು. "ನೋಡೇ, ಇಲ್ಲೂ ಬಾಗಿಲು ತೊಳೀತಾರೆ!" ಎಲ್ಲರೂ ಅರಮನೆ ನೋಡಲು ಹೋದರೆ ಈ ಮನುಷ್ಯ ಹೊಸ್ತಿಲು ನೋಡುತ್ತಾ ನಿಂತಿದ್ದರು.

ಬಸ್ಸಿನ ಹತ್ತಿರ ಬಂದಾಗ ಅವಳಿಗೆ ಏದುಸಿರು.

"ಟೈಮ್ ಅಂದ್ರೆ ಟೈಮ್ ಮೇಡಂ," ಅವನು ವಾಚು ತೋರಿಸಿದ. "ನಿಮ್ಮಿಬ್ರಿಗೋಸ್ಕರ ಅಷ್ಟೂ ಜನ ಕಾಯ್ತಾ ಕೂತಿದ್ದಾರೆ."

ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಕಾಯ್ಬೇಡಿ! ಬಿಟ್ಟು ಹೋಗಿ, ನೋಡೋಣ!"

ಅವನು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಅವಳ ಕಣ್ಣನ್ನೇ ನೋಡಿದ.

"ನನ್ನ ಬಸ್ಸು ಯಾರನ್ನೂ ಬಿಟ್ಟು ಹೋಗಲ್ಲ. ಹತ್ತಿ."

ಅವಳು ಅಪ್ಪನನ್ನು ಹತ್ತಿಸಿ ತಾನೂ ಹತ್ತಿದಳು. ಯಾಕೋ ಎದೆ ಒಮ್ಮೆ ಝಲ್ಲೆಂದಿತು... ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ. ಮುಂದೆ ಇವರಿಬ್ಬರನ್ನೂ ಇದೇ ಮಾತು ಸುಡಲಿದೆ.

ಅವನು ಆ ಪ್ರವಾಸದ ಮ್ಯಾನೇಜರು. ದೂರದ ದೇಶದ ಹಳೇ ಊರುಗಳಿಗೆ ನಮ್ಮವರನ್ನು ಗುಂಪು ಕಟ್ಟಿ ಕರೆದುಕೊಂಡು ಬಂದು, ಕೋಟೆ ತೋರಿಸಿ, ಊಟ ಹಾಕಿಸಿ, ಒಬ್ಬರೂ ಕಳೆದುಹೋಗದಂತೆ ವಾಪಸ್ಸು ಕರೆದೊಯ್ಯುವುದು ಅವನ ಕೆಲಸ. ಕಳೆದುಹೋಗಬಾರದೆಂದೇ ಎಲ್ಲರಿಗೂ ಕಂಪನಿಯ ಕೆಂಪು ಟೋಪಿ. ಬಸ್ಸು ಹತ್ತಿದ ಮೇಲೆ ಅವನ ಎಣಿಕೆ ಮುಗಿಯುವ ತನಕ ಟೋಪಿ ತೆಗೆಯುವಂತಿಲ್ಲ. ಅವನು ಮುಂದಿನಿಂದ ಹಿಂದಿನವರೆಗೆ ನಡೆದು ಪ್ರತಿ ಸೀಟನ್ನೂ ಮುಟ್ಟಿ ಎಣಿಸುತ್ತಿದ್ದ.

ಮೊದಲ ದಿನ ಟೋಪಿ ಹಂಚುವಾಗ ಅಪ್ಪ ಸುಮ್ಮನಿರಬೇಕಲ್ಲ?

"ಏನಪ್ಪಾ ಇದು! ದುಡ್ಡೂ ಇಸ್ಕೊಂಡು ಮೇಲೆ ಟೋಪಿನೂ ಹಾಕ್ತೀಯಲ್ಲ!"

ಇಡೀ ಬಸ್ಸು ಘೊಳ್ಳೆಂದು ನಕ್ಕಿತು. ಅಂದಿನಿಂದ ಅವನಿಗೆ 'ಟೋಪಿ ಮೇಷ್ಟ್ರು' ಎಂದೇ ಹೆಸರಾಯಿತು.

ಅಪ್ಪ ನಿವೃತ್ತ ಬಸ್ ಕಂಡಕ್ಟರು. ಜೀವಮಾನವಿಡೀ ಊರವರನ್ನೆಲ್ಲ ಅವರವರ ಜಾಗಕ್ಕೆ ತಲುಪಿಸಿದವರು, ತಾವು ಮಾತ್ರ ಎಲ್ಲಿಗೂ ಹೋದವರಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಮನೆಯ ಜಗುಲಿಯೇ ಅವರ ಲೋಕವಾಗಿತ್ತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಬಂದವರ ಕೈಯಿಂದ ರಕ್ತ ತೆಗೆಯುವವಳು. ಮದುವೆಯ ಮಾತೆತ್ತಿದರೆ, "ಮೊದಲು ನಮ್ಮಪ್ಪನ್ನ ಒಂದು ಸಲ ಕಿಟಕಿ ಸೀಟಲ್ಲಿ ಕೂರಿಸಿ ಜಗತ್ತು ತೋರಿಸ್ತೀನಿ, ಆಮೇಲೆ ನೋಡೋಣ" ಅನ್ನುತ್ತಿದ್ದಳು. ಹಾಗೆ ಕೂಡಿಟ್ಟು ಮಾಡಿದ ಪ್ರವಾಸ ಇದು.

'ಚಿಲ್ರೆ' ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ಹುಟ್ಟಿದಾಗ ಅಷ್ಟು ಪುಟ್ಟದಾಗಿದ್ದಳಂತೆ. "ಬಸ್ಸಲ್ಲಿ ಯಾರಾದ್ರೂ ಚಿಲ್ರೆ ಕೇಳಿದ್ರೆ, ಇದೆ, ಆದ್ರೆ ಮನೇಲಿದೆ ಅಂತಿದ್ದೆ!" ಈ ಜೋಕನ್ನು ಅಪ್ಪ ಟೋಪಿ ಮೇಷ್ಟ್ರಿಗೂ ಹೇಳಿಬಿಟ್ಟರು. ಅವನು ಅವಳ ಕಡೆ ತಿರುಗಿ ನಕ್ಕಾಗ ಅವಳಿಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಬಸ್ಸು ಹೊರಡುವಾಗ ಪ್ರತಿದಿನ ಅಪ್ಪನದೊಂದು ಕೂಗು ಇರುತ್ತಿತ್ತು.

"ರೈಟ್... ರೈಟ್!"

ಆ ದೇಶದ ಡ್ರೈವರಿಗೆ ನಮ್ಮ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅಪ್ಪನ ಕೂಗು ಕೇಳದೆ ಅವನೂ ಗೇರು ಹಾಕದಂತಾದ.

ಇನ್ನೊಂದು ಸಂಗತಿ. ಒಂದು ದಿನ ಗುಂಪಿನ ಒಬ್ಬರು ಸೀಟಿನ ಮೇಲಿದ್ದ ಯಾರದೋ ಶಾಲನ್ನು ಸರಿಸಿ ಕೂತುಬಿಟ್ಟರು. ಅಪ್ಪ ಕೆಂಡವಾದರು.

"ಏಳ್ರೀ ಮೇಲೆ! ಸೀಟಿನ ಮೇಲೆ ಟವೆಲ್ ಇದ್ರೆ ಅಲ್ಲಿ ಮನುಷ್ಯ ಕೂತಿದ್ದಾನೆ ಅಂತ್ಲೇ ಲೆಕ್ಕ. ನನ್ನ ಬಸ್ಸಲ್ಲಿ ಒಬ್ಬರೂ ಟವೆಲ್ ತೆಗೆದು ಕೂತಿಲ್ಲ, ಗೊತ್ತಾ!"

ಅವಳಂತೂ ಆ ನಿಯಮದಲ್ಲೇ ಬೆಳೆದವಳು. ಕರ್ಚೀಫೋ, ಚೀಲವೋ, ಕೈಗೆ ಸಿಕ್ಕಿದ್ದನ್ನು ಕಿಟಕಿಯಿಂದ ತೂರಿಸಿ ಸೀಟು ಹಿಡಿಯುವುದು ಅವಳಿಗೆ ಉಸಿರಾಡಿದಷ್ಟೇ ಸಹಜ. ಹಿಡಿದೆನೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಹಳೇ ಊರುಗಳ ದಿನಗಳು ಹೀಗೇ ಸಾಗಿದವು. ಬೆಳಿಗ್ಗೆ ಬೇಕರಿಯ ಮುಂದೆ ಸಾಲು, ಮಧ್ಯಾಹ್ನ ಯಾರೋ ರಾಜನ ಕತ್ತಿ-ಗುರಾಣಿ, ಸಂಜೆ ಸೇತುವೆಯ ಮೇಲೆ ಕಾಲು ಚಾಚಿ ಕೂತು ಕೆಳಗಿನ ದೋಣಿ ನೋಡುವುದು. ಲಾಡ್ಜಿನ ಬೇಸಿನ್ನಿನಲ್ಲೇ ಬಟ್ಟೆ ಒಗೆತ. ಒಂದು ದಿನ ಅಪ್ಪ ಒದ್ದೆ ಲುಂಗಿಯನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟಿದ್ದರು. ಕೆಳಗೆ ಊರಿನ ದೊಡ್ಡ ಚೌಕ! ಗೋಪುರದ ಫೋಟೋ ತೆಗೆಯಲು ಬಂದವರೆಲ್ಲ ಲುಂಗಿಯ ಫೋಟೋ ತೆಗೆಯುತ್ತಿದ್ದರು.

ಮೇಷ್ಟ್ರು ಬಾಗಿಲು ಬಡಿದ. "ಮೇಡಂ, ದಯವಿಟ್ಟು ಆ ಬಾವುಟ ಇಳಿಸ್ತೀರಾ? ಲಾಡ್ಜಿನವರು ಯಾವ ದೇಶದ್ದು ಅಂತ ಕೇಳ್ತಿದ್ದಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಗೋಡೆಗೆ ಒರಗಿದಳು. ಅವನೂ ನಕ್ಕ. ನಗು ನಿಂತ ಮೇಲೂ ಇಬ್ಬರೂ ಬಾಗಿಲಲ್ಲಿ ಸುಮ್ಮನೆ ನಿಂತೇ ಇದ್ದರು.

'ಅಯ್ಯೋ, ಇದೇನಾಗ್ತಿದೆ ನನಗೆ!'

ಅಪ್ಪನಿಗೆ ಕಾಣಿಸದೇ ಇರುತ್ತದೆಯೇ? ಕಂಡಕ್ಟರ ಕಣ್ಣು ಅದು. ಒಮ್ಮೆ ಲುಂಗಿ ಮಡಿಸುತ್ತಾ ಅಂದರು, "ಹುಡುಗ ಒಳ್ಳೆಯವನು ಕಣೇ. ದಿನಾ ನಮ್ಮ ಸೀಟು ಮುಟ್ಟುವಾಗ ಮಾತ್ರ ಎಣಿಕೆ ತಪ್ಪುತ್ತೆ ಅವನಿಗೆ."

ಆಮೇಲೆ ಆ ಬೆಟ್ಟದೂರು ಬಂತು.

ಬೆಟ್ಟದ ನೆತ್ತಿಯ ಮೇಲೆ ಕೋಟೆಗೋಡೆ ಸುತ್ತಿಕೊಂಡ ಸಣ್ಣ ಊರು. ಮೈ ಕೊರೆಯುವ ಗಾಳಿ. ಊರ ನಡುವೆ ಗಡಿಯಾರದ ಗೋಪುರ. ಗಂಟೆ ಹೊಡೆಯುವಾಗ ಅದರೊಳಗಿಂದ ಗೊಂಬೆಗಳು ಹೊರಗೆ ಬರುತ್ತವಂತೆ. ಅಪ್ಪ ಅದನ್ನೇ ಜಪಿಸುತ್ತಿದ್ದರು.

ಕೋಟೆಗೋಡೆಯ ಮೇಲೆ ಮೇಷ್ಟ್ರು ಅವಳ ಪಕ್ಕಕ್ಕೆ ಬಂದು ನಿಂತ. ಕೈಯಲ್ಲಿದ್ದ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಿಮ್ಮಪ್ಪನ ಹತ್ರ ಒಂದು ಮಾತು ಕೇಳ್ಬೇಕು..."

"ಏನು?" ಗೊತ್ತಿದ್ದೇ ಕೇಳಿದಳು.

"ಕೇಳಬಹುದಾ, ಬೇಡ್ವಾ? ಅದನ್ನ ನೀವು ಹೇಳಿ."

ಅವಳ ಕೆನ್ನೆ ಬಿಸಿಯಾಯಿತು. ಅಷ್ಟು ಗಾಳಿಯಲ್ಲೂ!

"ಬಸ್ಸಲ್ಲಿ ಅವರ ಪಕ್ಕದ ಸೀಟು ಖಾಲಿ ಬಿಟ್ಟಿರ್ತೀನಿ," ಎಂದು ಹೇಳಿ ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು.

ಅಪ್ಪ ಗೋಪುರದ ಕೆಳಗೆ ಕತ್ತೆತ್ತಿ ನಿಂತಿದ್ದರು. "ನೀನು ಹೋಗಿ ಕಿಟಕಿ ಸೀಟು ಹಿಡಿ. ಗೊಂಬೆ ನೋಡ್ಕೊಂಡು ಹಿಂದೇನೇ ಬಂದೆ."

ಅವಳು ಬಸ್ಸು ಹತ್ತಿದಳು. ಅಪ್ಪನಿಗೆ ಕಿಟಕಿಯ ಸೀಟು ಹಿಡಿದಳು. ಪಕ್ಕದ್ದನ್ನು ಮೇಷ್ಟ್ರಿಗೆಂದು ಬಿಟ್ಟು, ತಾನು ಕೊನೆಯ ಸಾಲಿಗೆ ಹೋಗಿ ಟೀಚರಮ್ಮನ ಪಕ್ಕ ಮುದುಡಿ ಕೂತು ಕಣ್ಣು ಮುಚ್ಚಿದಳು. ಟೀಚರಮ್ಮ ಎಂದರೆ ಗುಂಪಿನಲ್ಲಿದ್ದ ನಿವೃತ್ತ ಶಿಕ್ಷಕಿ.

'ಈಗ ಕೇಳ್ತಿರಬಹುದು... ಅಪ್ಪ ಏನಂತಾರೆ? ಜೋಕು ಮಾಡಿ ಮಾನ ತೆಗೆಯದಿದ್ರೆ ಸಾಕು ದೇವರೇ...'

ಬಸ್ಸು ಹೊರಟಿತು. ಸುಖ ಎಂದರೆ ಹೀಗಿರುತ್ತದೆ ಎಂದು ಅವಳಿಗೆ ಅನ್ನಿಸಿತು. ಹಾಗೆಯೇ ನಿದ್ದೆ ಹತ್ತಿತು.

ಬೆಟ್ಟವಿಳಿದು, ಬಯಲು ದಾಟಿ, ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ಟೀಚರಮ್ಮ ಅವಳನ್ನು ಅಲುಗಿಸಿದರು.

"ಏಳಮ್ಮಾ... ನಿಮ್ಮಪ್ಪ ಎಲ್ಲಿ? ಕಾಣಿಸ್ತಿಲ್ಲ."

ಅವಳು ಮುಂದಕ್ಕೆ ಓಡಿಬಂದಳು. ಕಿಟಕಿಯ ಸೀಟಿನ ಹತ್ತಿರ ಮೇಷ್ಟ್ರು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಕೆಂಪಗಿನ ಏನನ್ನೋ ಕೋಟಿನೊಳಗೆ ತುರುಕಿದ.

ಅಪ್ಪನ ಟೋಪಿ!

"ಅಪ್ಪ ಎಲ್ಲಿ? ನಿಮ್ಮ ಹತ್ರ ಕೂತಿದ್ರಲ್ಲ... ಅಪ್ಪ ಎಲ್ಲಿ ರೀ?"

ಅವನು ಡ್ರೈವರಿನ ಕಡೆ ಕೈಬೀಸಿದ. "ಬಸ್ಸು ತಿರುಗಿಸ್ತಿದ್ದೀನಿ. ಕೂತ್ಕೊಳ್ಳಿ..."

ಅಪ್ಪ ಗೋಪುರದ ಮೆಟ್ಟಿಲ ಮೇಲೇ ಸಿಕ್ಕರು. ಸ್ವೆಟರು ಬಸ್ಸಿನಲ್ಲೇ ಉಳಿದಿತ್ತು. ಕಂಬಕ್ಕೆ ಒರಗಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಸಿದಿದ್ದರು. ಮೇಲೆ ಯಾರೋ ಒಂದು ಕಂಬಳಿ ಹೊದಿಸಿದ್ದರು. ಎದುರಿನ ಬೇಕರಿಯ ಮುದುಕಿ ಅಳುತ್ತಾ ಕೈಸನ್ನೆಯಲ್ಲಿ ಏನೇನೋ ಹೇಳಿದಳು. ಒಳಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲವಂತೆ. ಇಲ್ಲೇ ಇರುತ್ತೇನೆ, ಬಸ್ಸು ಬರುತ್ತದೆ ಎಂದು ಕೈಮಾಡಿ ತೋರಿಸಿದರಂತೆ.

ಇಳಿದ ಜಾಗ ಬಿಟ್ಟು ಕದಲಬೇಡಿ, ಬಸ್ಸು ನಿಮ್ಮನ್ನ ಹುಡುಕಿಕೊಂಡು ಬರುತ್ತೆ... ತಮ್ಮ ಪ್ರಯಾಣಿಕರಿಗೆ ಅಪ್ಪ ಹೇಳುತ್ತಿದ್ದ ಮಾತು ಅದು. ತಾವೂ ಅದನ್ನೇ ಪಾಲಿಸಿದ್ದರು.

ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಬಿಟ್ಟರು.

"ಚಿಲ್ರೆ... ಬಸ್ಸು ಬಂತಾ?"

"ಬಂತಪ್ಪಾ. ಬಂದಿದೆ. ಹೊರಗಡೆ ನಿಂತಿದೆ."

"ಹೂಂ..." ಅಂದರು. ಅವಳು ಅವರ ತಣ್ಣನೆ ಪಾದಗಳನ್ನು ಉಜ್ಜುತ್ತಲೇ ಇದ್ದಳು. ಎದೆಗೆ ಚಳಿ ಬಡಿದಿದೆ, ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಮರುದಿನ ಬೆಳಿಗ್ಗೆ ಅಪ್ಪ ಹೋಗಿಬಿಟ್ಟರು.

ಕಾರಿಡಾರಿನಲ್ಲಿ ಅವಳು ಮೇಷ್ಟ್ರ ಕಾಲರು ಹಿಡಿದಳು.

"ಎಣಿಸಿದ್ರಾ ನೀವು? ಬಸ್ಸು ಬಿಡೋಕೆ ಮುಂಚೆ ಎಣಿಸಿದ್ರಾ ಇಲ್ವಾ?"

ಅವನು ಅವಳ ಮುಖ ನೋಡಿದ.

"ಇಲ್ಲ," ಅಂದ. "ಎಣಿಸಲೇ ಇಲ್ಲ."

"ಥೂ! ನನ್ನ ಬಸ್ಸು ಯಾರನ್ನೂ ಬಿಟ್ಟು ಹೋಗಲ್ಲ ಅಂದ್ರಲ್ಲ... ನಮ್ಮಪ್ಪನ್ನ ಕೊಂದ್ರಿ ನೀವು. ಟೋಪಿನೂ ಬಚ್ಚಿಟ್ಕೊಂಡ್ರಿ. ಈ ಜನ್ಮದಲ್ಲಿ ನನ್ನ ಕಣ್ಣಿಗೆ ಬೀಳ್ಬೇಡಿ!"

ಅವನು ಕೋಟಿನೊಳಗಿದ್ದ ಟೋಪಿಯ ಮೇಲೆ ಕೈ ಒತ್ತಿಕೊಂಡ.

ಊರಿಗೆ ಬಂದ ಮೇಲೆ ಅವಳ ಅಣ್ಣ ಕಂಪನಿಯ ಮೇಲೆ ದೂರು ಕೊಟ್ಟ. ವಿಚಾರಣೆಯಲ್ಲೂ ಮೇಷ್ಟ್ರದು ಅದೇ ಮಾತು. ಎಣಿಸಲಿಲ್ಲ, ತಪ್ಪು ನನ್ನದೇ. ಕೆಲಸದಿಂದ ತೆಗೆದರು. ಸುದ್ದಿ ತಿಳಿದಾಗ ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಂದು ಊಟ ಸೇರಲಿಲ್ಲ.

ದ್ವೇಷ ಒಂದು ಥರದ ಆಸರೆ. ಅದನ್ನು ಹಿಡಿದುಕೊಂಡೇ ಅವಳು ಒಂದು ವರ್ಷ ಲ್ಯಾಬಿಗೆ ಹೋದಳು, ಬಂದಳು, ಉಂಡಳು, ಮಲಗಿದಳು. ಅವನ ಮುಖ ನೆನಪಾದರೆ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕುತ್ತಿದ್ದಳು. ಕೋಟೆಗೋಡೆಯ ಮೇಲೆ ಕಾಗದ ಮಡಿಸುತ್ತಿದ್ದ ಅವನ ಬೆರಳು ನೆನಪಾದರೆ ಮಾತ್ರ ದಿಂಬು ಒದ್ದೆಯಾಗುತ್ತಿತ್ತು. ಇದನ್ನು ಅವಳು ಯಾರಿಗೆ ತಾನೇ ಹೇಳಿಯಾಳು?

ಒಂದು ದಿನ ಅತ್ತಿಗೆಯ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬಸ್ಸು ಬಂತು, ಜನ ನುಗ್ಗಿದರು. ಅವಳೂ ನುಗ್ಗಿ ಹತ್ತಿದಳು. ಅತ್ತಿಗೆ ಇನ್ನೂ ಕೆಳಗೇ ಇದ್ದರು. ಒಬ್ಬ ಮುದುಕಿ ಅವಳ ಮುಂದಿನ ಸೀಟಿಗೆ ಕೂರಲು ಹೋದಳು.

ಕಂಡಕ್ಟರು ಕೂಗಿದ. "ಅಲ್ಲಿ ಜನ ಇದ್ದಾರೆ ಕಣಜ್ಜಿ! ದುಪಟ್ಟಾ ಕಾಣಿಸಲ್ವಾ?"

ಅವಳು ನೋಡಿದಳು.

ಸೀಟಿನ ತಲೆಯ ಮೇಲೆ ಒಂದು ದುಪಟ್ಟಾ. ಜಾರದಿರಲೆಂದು ಅದಕ್ಕೊಂದು ಹೇರ್‌ಕ್ಲಿಪ್ಪು. ಎರಡೂ ಅವಳವೇ. ಯಾವಾಗ ಹಾಕಿದಳು? ಅವಳಿಗೇ ಗೊತ್ತಿಲ್ಲ. ಕೈ ತನ್ನಷ್ಟಕ್ಕೆ ಹಾಕಿತ್ತು.

ಅವಳು ಆ ಕ್ಲಿಪ್ಪನ್ನು ಮುಟ್ಟಿದಳು.

ಬೆಟ್ಟದೂರಿನ ಗಾಳಿ... ಅಪ್ಪನ ಮಾತು... 'ಈ ಟೋಪಿ ಹಿಡ್ಕೋ, ಗಾಳಿಗೆ ಹಾರಿ ಹೋಗುತ್ತೆ. ನೀನು ಹೋಗಿ ಕಿಟಕಿ ಸೀಟು ಹಿಡಿ...' ಅವಳ ಕೈಯಲ್ಲಿ ಕೆಂಪು ಟೋಪಿ... ಎತ್ತರದ ಸೀಟು... ಅದರ ತಲೆಗೆ ಟೋಪಿ ತೊಡಿಸಿ, ತಲೆಯ ಕ್ಲಿಪ್ಪು ತೆಗೆದು ಸಿಕ್ಕಿಸಿ, ಒಮ್ಮೆ ತಟ್ಟಿ...

ಮುಂದೆ ನಿಂತವರಿಗೆ ಸೀಟುಗಳ ಸಾಲಿನ ಮೇಲೆ ಕಾಣುವುದು ಟೋಪಿ ಮಾತ್ರ, ಅಲ್ಲೊಬ್ಬ ಮನುಷ್ಯ ಕೂತಂತೆಯೇ!

"ಏನಾಯ್ತೇ? ಯಾಕೆ ಹಿಂಗೆ ಬೆವರ್ತಿದ್ದೀಯಾ?" ಅಷ್ಟರಲ್ಲಿ ಹತ್ತಿ ಬಂದ ಅತ್ತಿಗೆ ಭುಜ ಹಿಡಿದರು.

"ಅತ್ತಿಗೆ..." ತನ್ನ ಧ್ವನಿಯ ಗುರುತು ಅವಳಿಗೇ ಸಿಗಲಿಲ್ಲ. "ಅಪ್ಪನ್ನ ಬಿಟ್ಟು ಬಂದಿದ್ದು ನಾನು ಅತ್ತಿಗೆ. ನಾನೇ."

ಅಂದು ರಜೆ ಹಾಕಿದವಳು ಎರಡು ದಿನ ಗೋಡೆ ನೋಡುತ್ತಾ ಮಲಗಿದಳು. ಆಮೇಲೆ ಎದ್ದು ಟೀಚರಮ್ಮನಿಗೆ ಫೋನು ಮಾಡಿದಳು.

"ಅವನಾ? ಇಲ್ಲಿ ಯಾರೂ ಕೆಲಸ ಕೊಡ್ಲಿಲ್ಲಮ್ಮ ಪಾಪ," ಟೀಚರಮ್ಮ ನಿಟ್ಟುಸಿರುಬಿಟ್ಟರು. "ಅದೇ ಬೆಟ್ಟದೂರಿಗೆ ವಾಪಸ್ ಹೋದ. ಗೋಪುರದ ಹತ್ರ ಒಂದು ಲಾಡ್ಜಂತೆ, ಅಲ್ಲಿ ಹಾಸಿಗೆ ಬಟ್ಟೆ ಒಗೀತಿದ್ದಾನೆ. ಬೇರೆ ಊರೇ ಸಿಗಲಿಲ್ವೇನೋ ಅಂದ್ರೆ ಮಾತೇ ಆಡಲ್ಲ."

ಬೆಟ್ಟದೂರಿನ ಆ ಲಾಡ್ಜಿನ ನೆಲಮಾಳಿಗೆ. ಸಾಬೂನಿನ ವಾಸನೆ, ಬಿಸಿ ಹಬೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳ ಮೇಲೆ ಬಿಳಿ ಹಾಸುಬಟ್ಟೆಗಳು. ಮೂಲೆಯಲ್ಲಿ ದೊಡ್ಡ ಮೆಷಿನ್ನು ಗಡಗಡ ತಿರುಗುತ್ತಿತ್ತು.

ಅವನು ಬಗ್ಗಿ ಬುಟ್ಟಿ ತುಂಬುತ್ತಿದ್ದ. ಸೊರಗಿದ್ದ. ಕೈಗಳು ಬಟ್ಟೆಸೋಡಾದ ನೀರಿಗೆ ಬಿರಿದಿದ್ದವು. ತಲೆ ಎತ್ತಿದವನು ಹಾಗೇ ನಿಂತುಬಿಟ್ಟ. ಆಮೇಲೆ ಮೆಷಿನ್ನು ಆರಿಸಿದ.

"ಒಬ್ರೇ ಬಂದ್ರಾ?"

"ಹೂಂ."

"ಸ್ವೆಟರ್ ಹಾಕ್ಕೊಂಡಿಲ್ಲ... ಇಲ್ಲಿ ಗಾಳಿ ಕೆಟ್ಟದು."

ಇಷ್ಟೆಲ್ಲ ಆದ ಮೇಲೂ ಮೊದಲು ಕೇಳುವುದು ಇದನ್ನೇ!

"ಟೋಪಿ ಕೊಡಿ," ಅಂದಳು.

ಅವನು ಮತ್ತೆ ಬುಟ್ಟಿ ಎತ್ತಿಕೊಂಡ.

"ಬಚ್ಚಿಟ್ಕೊಂಡ್ರಲ್ಲ ಅವತ್ತು, ನಮ್ಮಪ್ಪನ ಟೋಪಿ. ಕೊಡಿ."

"ಬೇಡ. ನನ್ನ ಮಾತು ಕೇಳಿ... ಅದನ್ನ ನೋಡಬೇಡಿ."

"ಕ್ಲಿಪ್ಪು ಇನ್ನೂ ಅದರಲ್ಲೇ ಇದೆಯಾ?"

ಅವನ ಕೈಯಲ್ಲಿದ್ದ ಬುಟ್ಟಿ ನೆಲಕ್ಕೆ ಜಾರಿತು. ಇನ್ನು ಬಚ್ಚಿಡುವುದಕ್ಕೇನೂ ಇರಲಿಲ್ಲ. ಕಪಾಟಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ಅವಳ ಮುಂದಿಟ್ಟ. ಒಳಗೆ ಕೆಂಪು ಟೋಪಿ. ಅಂಚಿನಲ್ಲಿ ಕಪ್ಪು ಹೇರ್‌ಕ್ಲಿಪ್ಪು, ಅದರಲ್ಲಿ ಸಿಕ್ಕಿಕೊಂಡ ಅವಳದೇ ಒಂದು ಕೂದಲು.

ಅವಳು ಅದನ್ನು ಎದೆಗೊತ್ತಿಕೊಂಡು ನೆಲದ ಮೇಲೇ ಕೂತಳು.

"ಅವತ್ತೇ ಗೊತ್ತಿತ್ತು ಅಲ್ವಾ ನಿಮಗೆ?"

"ಟೋಪಿ ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ದಿನಾ ನೋಡ್ತಿದ್ದೆನಲ್ಲ ಆ ಕ್ಲಿಪ್ಪು."

"ಮತ್ತೆ ಯಾಕೆ ಹೇಳಲಿಲ್ಲ?"

"ಎಣಿಸಿದೆ ಅಂದ್ರೆ, ಹೇಗೆ ತಪ್ಪಿತು ಅಂತ ಕೇಳ್ತಿದ್ರು. ಟೋಪಿ ಯಾರಿಟ್ರು ಅಂತ ಕೇಳ್ತಿದ್ರು. ನೀವು ಅವರ ಕಾಲು ಉಜ್ಜುತ್ತಾ ಕೂತಿದ್ರಿ... ಆಗ ಹೇಳೋಕಾಗುತ್ತಾ?"

"ಆಮೇಲಾದ್ರೂ?"

"ಆಮೇಲೆ ನೀವು ನನ್ನ ಬೈತಿದ್ರಿ." ಅವನು ಬಿರಿದ ಕೈ ನೋಡಿಕೊಂಡ. "ಬೈಯೋಕೆ ಒಬ್ಬ ಇದ್ರೆ ಹೇಗೋ ಬದುಕಿಕೊಳ್ತೀರಿ ಅನ್ನಿಸ್ತು. ಇಲ್ಲದಿದ್ರೆ ನಿಮ್ಮನ್ನ ನೀವೇ ತಿಂದುಕೊಳ್ತಿದ್ರಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅಳುವೂ ಅದರ ಜೊತೆಗೇ ಬಂತು.

"ನನ್ನ ತಪ್ಪು ಹೊತ್ಕೊಳ್ಳೋಕೆ ನೀವ್ಯಾರ್ರೀ? ಯಾರು ನೀವು ನನಗೆ?"

"ಯಾರೂ ಅಲ್ಲ," ಅಂದ ಅವನು. "ಆಗ್ಬೇಕು ಅಂತಿದ್ದೆ, ಅಷ್ಟೆ."

ಹಗ್ಗದ ಮೇಲಿನ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅವಳೆದುರು ನೆಲದಲ್ಲೇ ಕೂತ.

"ಆದ್ರೆ ನಾನೇನೂ ದೊಡ್ಡ ತ್ಯಾಗ ಮಾಡಿದೋನಲ್ಲ. ಅದನ್ನ ತಲೇಲಿ ಇಟ್ಕೋಬೇಡಿ. ನಂದೂ ಇದೆ. ಕೇಳ್ತೀರಾ?"

ಅವಳು ತಲೆಯಾಡಿಸಿದಳು.

"ದಿನಾ ನಡೆದುಕೊಂಡು ಹೋಗಿ ಸೀಟು ಮುಟ್ಟಿ ಎಣಿಸ್ತಿದ್ದೆ. ಅವತ್ತು ಹಿಂದೆ ನೀವು ಕೂತಿದ್ರಿ. ನಿಮ್ಮ ಮುಖ ನೋಡೋಕೆ ನಾಚಿಕೆ ಆಯ್ತು. ಮುಂದೆ ನಿಂತ್ಕೊಂಡೇ ಟೋಪಿಗಳನ್ನ ಎಣಿಸಿಬಿಟ್ಟೆ. ಲೆಕ್ಕ ಸರಿ ಬಂತು. ನಿಮ್ಮಪ್ಪನ ಪಕ್ಕ ಕೂತು ಮಾತಾಡೋಕೆ ಧೈರ್ಯ ಸಾಲದೆ ಡ್ರೈವರ್ ಹತ್ರ ಕೂತೆ." ಅವನು ನೆಲದ ಮೇಲಿನ ನೀರನ್ನು ಕೈಯಿಂದ ಒರೆಸಿದ. "ಇನ್ನೂ ಒಂದಿದೆ. ಬಸ್ಸು ಹೊರಡುವಾಗ 'ರೈಟ್ ರೈಟ್' ಕೇಳಿಸಲಿಲ್ಲ. ಡ್ರೈವರು ಗೇರ್ ಹಾಕದೆ ನನ್ನ ಕಡೆ ತಿರುಗಿ ನೋಡಿದ. ಮುದುಕರು ನಿದ್ದೆ ಮಾಡ್ತಿದ್ದಾರೆ, ನೀನು ಹೋಗು ಅಂದೆ ನಾನು. ನಾನೇ ಅಂದೆ."

ಅವಳು ಕಣ್ಣು ಮುಚ್ಚಿದಳು. ಅಂದು ಕೊನೆಯ ಸಾಲಿನಲ್ಲಿ ಅವಳೂ ಆ ಕೂಗನ್ನು ಕೇಳಿರಲಿಲ್ಲ. ತನ್ನ ಸುಖದಲ್ಲಿ ತಾನು ಮುಳುಗಿದ್ದಳು.

ಅವನ ಎದೆಗೆ ಟೋಪಿಯಿಂದ ಹೊಡೆದಳು. ಮತ್ತೆ ಹೊಡೆದಳು. ಅವನು ತಡೆಯಲಿಲ್ಲ. ಕೊನೆಗೆ ಅದೇ ಎದೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ವರ್ಷದಿಂದ ಹೀಗೆ ಅತ್ತಿರಲಿಲ್ಲ. ಅವನೂ ಅತ್ತ, ಸದ್ದಿಲ್ಲದೆ.

"ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ ನಾನು," ಬಹಳ ಹೊತ್ತಾದ ಮೇಲೆ ಅಂದಳು. "ಕ್ಷಮೆ ಕೇಳೋಕೂ ಅಲ್ಲ. ಯಾರು ಯಾರನ್ನ ಕ್ಷಮಿಸೋದು?"

"ಮತ್ತೆ ಯಾಕೆ ಬಂದ್ರಿ?"

"ಅಪ್ಪ ಕೂತಿದ್ದ ಜಾಗದಲ್ಲಿ ಒಂದು ಸಲ ಕೂರಬೇಕು. ಬನ್ನಿ."

ಗೋಪುರದ ಮೆಟ್ಟಿಲು ತಣ್ಣಗಿತ್ತು. ಕೂತ ಕೂಡಲೇ ಚಳಿ ಬೆನ್ನಿಗೇರಿತು. ಎದುರಿನ ಬೇಕರಿಯ ಮುದುಕಿ ಮೇಷ್ಟ್ರನ್ನು ನೋಡಿ ತಲೆಯಾಡಿಸಿದಳು.

"ದಿನಾ ಬರ್ತೀರಾ ಇಲ್ಲಿಗೆ?"

"ಕೆಲಸ ಮುಗಿದ ಮೇಲೆ. ಸ್ವಲ್ಪ ಹೊತ್ತು ಕೂತು ಹೋಗ್ತೀನಿ."

ಗಂಟೆ ಹೊಡೆಯಿತು. ಮೇಲೆ ಸಣ್ಣದೊಂದು ಬಾಗಿಲು ಕಿರುಗುಟ್ಟುತ್ತಾ ತೆರೆಯಿತು. ಬಣ್ಣ ಹೋದ ಒಬ್ಬ ಮರದ ಮನುಷ್ಯ, ಅವನ ಹಿಂದೆ ರೆಕ್ಕೆ ಮುರಿದ ಒಂದು ಹುಂಜ. ಅರ್ಧ ಸುತ್ತು ಬಂದವು, ಒಳಗೆ ಹೋದವು. ಬಾಗಿಲು ಮುಚ್ಚಿಕೊಂಡಿತು.

"ಇಷ್ಟೇನಾ?" ಅವಳು ನಂಬಲಾರದೆ ಕೇಳಿದಳು. "ಇಷ್ಟಕ್ಕೇನಾ ಅಪ್ಪಾ!"

ಅವಳಿಗೆ ನಗು ಬಂತು, ಅದು ನಡುವೆಯೇ ಅಳುವಾಯಿತು. ಅಪ್ಪನಿದ್ದಿದ್ದರೆ ಖಂಡಿತ ಏನಾದರೂ ಜೋಕು ಮಾಡುತ್ತಿದ್ದರು.

"ಅವತ್ತು ಅಪ್ಪನ ಹತ್ರ ಒಂದು ಮಾತು ಕೇಳ್ಬೇಕು ಅಂದಿದ್ರಲ್ಲ," ಕಣ್ಣೊರೆಸಿಕೊಂಡು ಅಂದಳು. "ಈಗ ಕೇಳಿ."

"ಈಗಾ...?"

"ಇಲ್ಲೇ ಇದ್ದಾರೆ. ಇಳಿದ ಜಾಗ ಬಿಟ್ಟು ಅವರು ಎಲ್ಲಿಗೂ ಹೋಗಲ್ಲ."

ಅವನು ಕಂಬದ ಕಡೆ ತಿರುಗಿದ. ಕೈ ಕಟ್ಟಿಕೊಂಡ.

"ಯಜಮಾನ್ರೇ... ನಿಮ್ಮನ್ನ ಬಿಟ್ಟು ಹೋದ ಪಾಪಿ ನಾನು. ಕೇಳೋಕೆ ಮುಖ ಇಲ್ಲ. ಆದ್ರೂ... ನಿಮ್ಮ ಮಗಳನ್ನ..." ಮುಂದೆ ಮಾತು ಹೊರಡಲಿಲ್ಲ.

ಅವಳು ಅವನ ಬಿರಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೂಂ ಅಂದ್ರು," ಎಂದಳು.

ಅಷ್ಟರಲ್ಲಿ ಚೌಕಕ್ಕೆ ಬಸ್ಸು ಬಂತು. ಬೆಟ್ಟವಿಳಿದು ಕೆಳಗಿನ ಊರಿಗೆ ಹೋಗುವ ಬಸ್ಸು. ಅವಳು ಎದ್ದಳು. ಅವನು ಏಳಲಿಲ್ಲ.

"ನೀವು ಹೋಗಿ. ನನ್ನಿಂದಾಗಲ್ಲ... ಕೆಲಸ ಹೋದ ಮೇಲೆ ಈ ಊರಿಗೆ ವಾಪಸ್ ಬಂದು ಇಳಿದವನು, ಮತ್ತೆ ಬಸ್ಸು ಹತ್ತಿಲ್ಲ. ಬಾಗಿಲ ಹತ್ರ ಹೋದ್ರೆ ಕಾಲು ನಡುಗುತ್ತೆ."

ಅವಳು ವಾದ ಮಾಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿ, ಎರಡು ಕಂಬಿಗಳನ್ನೂ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಟೋಪಿ ಅವಳ ಕೈಯಲ್ಲೇ ಇತ್ತು. ಈ ಸಲ ಅವಳು ಯಾವ ಸೀಟಿನ ಮೇಲೂ ಏನನ್ನೂ ಇಡಲಿಲ್ಲ.

ಡ್ರೈವರು ಹಾರನ್ ಹೊಡೆದ. ಒಳಗಿದ್ದವರು ಅವರ ಭಾಷೆಯಲ್ಲಿ ಗೊಣಗಿದರು. ಅವಳು ಅಲುಗಲಿಲ್ಲ.

"ಕೂತ್ಕೊಳ್ಳಿ! ಎಲ್ಲರೂ ಕಾಯ್ತಿದ್ದಾರೆ," ಅವನು ಮೆಟ್ಟಿಲಿನಿಂದಲೇ ಕೂಗಿದ.

"ಕಾಯ್ಲಿ. ನೀವು ಹತ್ತೋವರೆಗೂ ನಾನು ಕೂರಲ್ಲ."

"ದಯವಿಟ್ಟು... ನನ್ನ ಬಿಟ್ಟು ಹೋಗಿ."

ಗಾಳಿ ಅವಳ ಕೂದಲನ್ನು ಮುಖಕ್ಕೆ ಹೊಡೆಯುತ್ತಿತ್ತು. ಸರಿಸಿಕೊಳ್ಳಲು ಕೈ ಬಿಡಲಿಲ್ಲ.

"ನಮ್ಮ ಬಸ್ಸು ಯಾರನ್ನೂ ಬಿಟ್ಟು ಹೋಗಲ್ಲ. ಹತ್ತಿ."

ಅವನು ಎದ್ದ. ಚೌಕ ದಾಟುವಷ್ಟರಲ್ಲಿ ಒಂದೆರಡು ಸಲ ನಿಂತ. ಬಾಗಿಲಿಗೆ ಬಂದು ಒಮ್ಮೆ ಹಿಂದಕ್ಕೆ, ಗೋಪುರದ ಕಡೆಗೆ ನೋಡಿದ. ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡು ಹತ್ತಿದ.

ಅವನನ್ನು ಕಿಟಕಿಯ ಪಕ್ಕ ಕೂರಿಸಿ ಅವಳು ಪಕ್ಕದಲ್ಲಿ ಕೂತಳು. ಟೋಪಿ ಇಬ್ಬರ ನಡುವೆ, ಹಿಡಿದ ಕೈಗಳ ಕೆಳಗಿತ್ತು.

ಬಸ್ಸು ಇನ್ನೂ ನಿಂತೇ ಇತ್ತು. ಕಿಟಕಿಯಾಚೆ ಗೋಪುರದ ಮೆಟ್ಟಿಲು ಖಾಲಿಯಾಗಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಆ ಮೆಟ್ಟಿಲು ಅವರ ಬದುಕಿನಲ್ಲಿ ಯಾವತ್ತೂ ಖಾಲಿಯೇ ಇರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ಚಿಲ್ರೆ..." ಅವನು ಮೊದಲ ಸಲ ಹಾಗೆ ಕರೆದ.

"ಹೂಂ?"

"ಅವರು ಹೇಳ್ತಿದ್ರಲ್ಲ... ಅದನ್ನ ಇವತ್ತು ನೀವು ಹೇಳ್ತೀರಾ? ಅದು ಕೇಳದೆ ನನಗೆ ಹೋಗೋಕಾಗಲ್ಲ."

ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪಕ್ಕದ ಸೀಟನ್ನು ಒಮ್ಮೆ ಮುಟ್ಟಿ ನೋಡಿದಳು. ಅವನಿದ್ದ.

"ರೈಟ್..." ಅಂದಳು. ಧ್ವನಿ ಒಡೆಯಿತು. ಉಸಿರೆಳೆದುಕೊಂಡು, ಡ್ರೈವರಿಗೂ ಕೇಳುವಂತೆ, ಮತ್ತೆ ಕೂಗಿದಳು.

"ರೈಟ್!"